ಸಿಟ್ರಸ್ ಗಿಡಗಳ ನಾಟಿಯ ಕಾಲ

ನಿಂಬೆ, ಕಿತ್ತಳೆ, ಮೂಸಂಬಿ ಮೊದಲಾದ ಸಿಟ್ರಸ್ ಕುಲದ ಗಿಡಗಳನ್ನು, ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗುವ ಪ್ರದೇಶಗಳಲ್ಲಿ, ಸ್ಥಳೀಯ ಹಿಮದ ದಿನಗಳನ್ನು ಗಮನಿಸಿ ನೆಡಲಾಗುತ್ತದೆ. ಇವು ನಿತ್ಯಹರಿದ್ವರ್ಣದ ಸಸ್ಯಗಳು. ಎಲೆಯುದುರಿಸಿ ಪೂರ್ಣ ಸುಪ್ತಾವಸ್ಥೆಗೆ ಹೋಗುವುದಿಲ್ಲ. ತೀವ್ರ ಚಳಿಯಲ್ಲಿ ಅಂಗಾಂಶದೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ನಾಶವಾಗುತ್ತವೆ. ಎಳೆಯ ಚಿಗುರಿಗೂ ತೆಳುತೊಗಟೆಯ ಸಸಿಗೂ ಅಪಾಯ ಹೆಚ್ಚು.

ನಾಟಿಯ ಅವಧಿ

ಋತುವಿನ ಕೊನೆಯ ಹಿಮ ಕಳೆದ ಬಳಿಕ ನೆಟ್ಟರೆ, ಮುಂದಿನ ಚಳಿಗಾಲದೊಳಗೆ ಬೇರೂರಲು ಸಸಿಗೆ ಹಲವು ತಿಂಗಳುಗಳು ದೊರೆಯುತ್ತವೆ. ಪಂಜಾಬಿನಲ್ಲಿ ಕಿನ್ನೋ ಕಿತ್ತಳೆಯನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಅಥವಾ ಮಳೆಗಾಲದ ಕೊನೆಯಲ್ಲಿ ನೆಡುವುದು ರೂಢಿ. ಮಳೆಗಾಲದ ಕೊನೆಯಲ್ಲಿ ನೆಟ್ಟ ಸಸಿಗಳಿಗೆ ಡಿಸೆಂಬರ್–ಜನವರಿಯಲ್ಲಿ ಹುಲ್ಲಿನ ಮರೆ ಕಟ್ಟಿ, ನೀರು ಹಾಯಿಸಲಾಗುತ್ತದೆ. ತೇವವಾದ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುಗಡೆ ಮಾಡುತ್ತದೆ. ತಗ್ಗು ಭೂಮಿಯಲ್ಲಿ ತಣ್ಣನೆಯ ಗಾಳಿ ನಿಲ್ಲುವುದರಿಂದ, ಒಂದೇ ಊರಿನೊಳಗೂ ಹಿಮದ ದಿನಗಳು ಬೇರೆಯಾಗಬಹುದು.

ಫ್ಲಾರಿಡಾದ ಅನುಭವ

ಅಮೆರಿಕದ ಫ್ಲಾರಿಡಾದಲ್ಲಿ 1894ರ ಡಿಸೆಂಬರ್‌ನ ಹಿಮವು ಹಣ್ಣು ಮತ್ತು ಎಲೆಗಳನ್ನು ಹಾಳುಮಾಡಿತು; ಆದರೆ ಅನೇಕ ಮರಗಳು ಉಳಿದವು. ಜನವರಿಯ ಬೆಚ್ಚನೆಯ ಹವೆಗೆ ಅವು ಚಿಗುರಿದವು. 1895ರ ಫೆಬ್ರವರಿಯಲ್ಲಿ ಹಿಮ ಮರಳಿದಾಗ, ರಸ ತುಂಬಿದ್ದ ಮರಗಳು ಸತ್ತವು. ಬಳಿಕ ಕಿತ್ತಳೆ ಕೃಷಿ ಆ ರಾಜ್ಯದ ದಕ್ಷಿಣಕ್ಕೆ ಸರಿಯಿತು. ಆದುದರಿಂದ ನಡುವಿನ ಬಿಸಿಲನ್ನು ನಂಬಿ ಅವಸರದಿಂದ ನೆಡುವುದು ಸೂಕ್ತವಲ್ಲ.

ಕರ್ನಾಟಕದಲ್ಲಿ

ಕೊಡಗಿನ ಕಿತ್ತಳೆಗೆ ಇಂತಹ ಹಿಮದ ಲೆಕ್ಕ ಅಗತ್ಯವಿಲ್ಲ. ಅಲ್ಲಿ ನಾಟಿಯ ಕಾಲವನ್ನು ಮುಂಗಾರು ಮಳೆಯೇ ನಿರ್ಧರಿಸುತ್ತದೆ.