ಜಾತ್ರೆ ಮತ್ತು ಉತ್ಸವಗಳಲ್ಲಿ ಡೇರೆ ಹೂಡಲು ಸ್ಥಳದ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪ್ರದೇಶಗಳಿಗೆ ಸಂಬಂಧಿಸಿದಂತೆ)

ಪೀಠಿಕೆ

ಬಳ್ಳಾರಿ ಜಿಲ್ಲೆಯ ಜಾತ್ರೆಗಳಿಗೆ ಸುತ್ತಲಿನ ಗ್ರಾಮಗಳಿಂದಲೂ ನೆರೆಯ ಆಂಧ್ರಪ್ರದೇಶದ ಗಡಿ ಭಾಗದಿಂದಲೂ ಭಕ್ತಾದಿಗಳು ಕುಟುಂಬ ಸಮೇತ ಬರುವುದು ರೂಢಿ. ಕುರುಗೋಡಿನ ಶ್ರೀ ದೊಡ್ಡಬಸವೇಶ್ವರ ಸ್ವಾಮಿಯ ರಥೋತ್ಸವವು ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆಯ ಸಮಯದಲ್ಲಿ ಜರುಗುತ್ತದೆ. ಬಳ್ಳಾರಿ ನಗರದ ಶ್ರೀ ಕನಕದುರ್ಗಮ್ಮ ದೇವಿಯ ಸಿಡಿಬಂಡಿ ಉತ್ಸವವೂ ಬೇಸಿಗೆಯ ಆರಂಭದಲ್ಲಿಯೇ ನಡೆಯುತ್ತದೆ. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ನದಿಯ ದಡದ ಕ್ಷೇತ್ರಗಳಿಗೆ ಪುಣ್ಯಸ್ನಾನಕ್ಕಾಗಿ ಜನರು ಸೇರುತ್ತಾರೆ. ಹಿಂದೆ ಎತ್ತಿನ ಬಂಡಿಗಳಲ್ಲಿ ಬಂದು ಬಂಡಿಯ ನೆರಳಿನಲ್ಲಿಯೇ ತಂಗುತ್ತಿದ್ದ ಕುಟುಂಬಗಳು ಇಂದು ಟ್ರ್ಯಾಕ್ಟರ್‌ಗಳಲ್ಲಿ ಬಂದು ತಾಡಪತ್ರಿ ಅಥವಾ ಬಟ್ಟೆಯ ಡೇರೆ ಹೂಡಿ ಒಂದೆರಡು ರಾತ್ರಿ ತಂಗುತ್ತವೆ.

ಜನಸಂದಣಿ ಹೆಚ್ಚಾದಂತೆ ಉತ್ತಮ ಸ್ಥಳಗಳು ಬೇಗನೆ ಭರ್ತಿಯಾಗುತ್ತವೆ. ತಡವಾಗಿ ಬಂದವರು ಕಾಲುವೆಯ ಏರಿ, ವಿದ್ಯುತ್ ತಂತಿಯ ಕೆಳಗೆ, ರಸ್ತೆಯ ಅಂಚು ಮುಂತಾದ ಉಳಿದ ಜಾಗಗಳಲ್ಲಿ ತಂಗುವಂತಾಗುತ್ತದೆ. ಹಗಲಿನಲ್ಲಿ ನಿರಪಾಯವೆಂದು ಕಾಣುವ ಇಂತಹ ಸ್ಥಳಗಳು ರಾತ್ರಿ ಮಲಗಿರುವ ಮಕ್ಕಳ ಮತ್ತು ವೃದ್ಧರ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಸ್ಥಳವನ್ನು ಸ್ವತಃ ಪರಿಶೀಲಿಸಿ ಆಯ್ಕೆ ಮಾಡಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

1. ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು?

ಅನುಮತಿ ನೀಡುವ ಅಧಿಕಾರವು ಜಮೀನಿನ ಒಡೆತನವನ್ನು ಅವಲಂಬಿಸಿರುತ್ತದೆ. ಆದುದರಿಂದ ಮೊದಲು ಜಮೀನು ಯಾರಿಗೆ ಸೇರಿದ್ದೆಂದು ತಿಳಿದುಕೊಳ್ಳತಕ್ಕದ್ದು.

ಅ) ಸ್ಥಳೀಯ ಸಂಸ್ಥೆಯ ಮೈದಾನ ಅಥವಾ ಖಾಲಿ ಜಾಗ: ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ.
ಆ) ದೇವಸ್ಥಾನಕ್ಕೆ ಸೇರಿದ ಜಮೀನು: ಆಯಾ ದೇವಸ್ಥಾನದ ಆಡಳಿತ ಕಚೇರಿ.
ಇ) ಸರ್ಕಾರಿ ಅಥವಾ ಗೋಮಾಳ ಜಮೀನು: ಆಯಾ ತಾಲ್ಲೂಕಿನ ತಹಶೀಲ್ದಾರರು.
ಈ) ಖಾಸಗಿ ಪಟ್ಟಾ ಜಮೀನು: ಜಮೀನಿನ ಮಾಲೀಕರ ಲಿಖಿತ ಒಪ್ಪಿಗೆ. ಕಟಾವಾದ ಹೊಲವೆಂದು ಭಾವಿಸಿ ಕೇಳದೆ ಪ್ರವೇಶಿಸುವುದು ಸರಿಯಲ್ಲ.

2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾದ ನಂತರ ಹಂಪಿ, ಹೊಸಪೇಟೆ ಮತ್ತು ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಕ್ಷೇತ್ರಗಳು ಬಳ್ಳಾರಿ ಜಿಲ್ಲೆಯ ವ್ಯಾಪ್ತಿಯಲ್ಲಿಲ್ಲ. ಆ ಸ್ಥಳಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಬಳ್ಳಾರಿಯ ಕಚೇರಿಗಳಲ್ಲಿ ಸಲ್ಲಿಸಿ ಸಮಯ ಕಳೆದುಕೊಳ್ಳಬಾರದು.

2. ಎಷ್ಟು ಜಾಗ ಬೇಕಾಗುತ್ತದೆ?

ಅರ್ಜಿಗಳಲ್ಲಿ ಕಂಡುಬರುವ ಸಾಮಾನ್ಯ ಲೋಪವೆಂದರೆ ಡೇರೆಯ ಅಳತೆಯನ್ನು ಮಾತ್ರ ನಮೂದಿಸುವುದು. ಡೇರೆಯನ್ನು ಎಳೆದು ಕಟ್ಟುವ ಹಗ್ಗ ಮತ್ತು ಗೂಟಗಳಿಗೂ, ಒಲೆಗೂ ಜಾಗ ಬೇಕೆಂಬುದನ್ನು ಮರೆಯಲಾಗುತ್ತದೆ. ಉದಾಹರಣೆಗೆ:

- ಡೇರೆ 12 ಅಡಿ x 15 ಅಡಿ: 180 ಚದರ ಅಡಿ
- ನಾಲ್ಕೂ ಬದಿಗೆ ಹಗ್ಗಕ್ಕಾಗಿ 3 ಅಡಿ ಸೇರಿಸಿದಾಗ 18 ಅಡಿ x 21 ಅಡಿ: 378 ಚದರ ಅಡಿ
- ಒಂದು ಬದಿಗೆ 10 ಅಡಿ ಅಂತರ ಬಿಟ್ಟು 5 ಅಡಿ ಒಲೆಯ ಜಾಗ ಸೇರಿಸಿದಾಗ 18 ಅಡಿ x 36 ಅಡಿ: 648 ಚದರ ಅಡಿ

ಅಂದರೆ ವಾಸ್ತವವಾಗಿ ಬೇಕಾಗುವ ಜಾಗವು ಡೇರೆಯ ಅಳತೆಯ ಮೂರೂವರೆ ಪಟ್ಟಿಗಿಂತ ಅಧಿಕ. ಟ್ರ್ಯಾಕ್ಟರ್ ಅಥವಾ ಜಾನುವಾರುಗಳ ಜಾಗವು ಇದಕ್ಕೆ ಹೊರತು. ಒಂದೇ ಊರಿನ ನಾಲ್ಕೈದು ಕುಟುಂಬಗಳು ಕೂಡಿ ಒಂದೇ ಅರ್ಜಿ ಸಲ್ಲಿಸಿ, ಒಂದೇ ಅಡುಗೆ ಜಾಗವನ್ನು ಬಳಸಿದಲ್ಲಿ ಎಲ್ಲರಿಗೂ ಒಟ್ಟಾರೆ ಕಡಿಮೆ ಜಾಗ ಸಾಕಾಗುತ್ತದೆ ಹಾಗೂ ಬೆಂಕಿಯ ಅಪಾಯವೂ ಕಡಿಮೆಯಾಗುತ್ತದೆ.

3. ಮಣ್ಣು ಮತ್ತು ಇಳಿಜಾರು

ಸಿರುಗುಪ್ಪ ಭಾಗದಲ್ಲಿ ಎರೆ ಭೂಮಿಯೇ ಹೆಚ್ಚು. ಒಣಗಿದ ಎರೆ ಮಣ್ಣು ಬಿರುಕು ಬಿಟ್ಟಿರುವುದರಿಂದ ಗೂಟ ಭದ್ರವಾಗಿ ನಿಲ್ಲುವುದಿಲ್ಲ. ಒಂದು ಮಳೆ ಬಿದ್ದರೂ ಅದೇ ಮಣ್ಣು ಹಿಗ್ಗಿ ಜಿಗುಟಾಗಿ, ವಾಹನಗಳ ಗಾಲಿಗಳು ಹೂತುಹೋಗುತ್ತವೆ. ರಾತ್ರಿ ಯಾರಿಗಾದರೂ ಅನಾರೋಗ್ಯ ಉಂಟಾದಲ್ಲಿ ವಾಹನವು ಹೊಲದಿಂದ ರಸ್ತೆಗೆ ಬರಲಾಗದ ಸ್ಥಿತಿ ಒದಗಬಹುದು. ಆದುದರಿಂದ ಎರೆ ಹೊಲದ ನಡುವಿನ ವಿಶಾಲವಾದ ಜಾಗಕ್ಕಿಂತ, ಗಟ್ಟಿ ರಸ್ತೆಗೆ ಸಮೀಪವಿರುವ ಚಿಕ್ಕ ಜಾಗವೇ ಮೇಲು.

ಮಸಾರಿ ಭೂಮಿಯಲ್ಲಿ ನೀರು ಬೇಗನೆ ಇಂಗುತ್ತದೆ, ಗೂಟವೂ ಚೆನ್ನಾಗಿ ನಾಟುತ್ತದೆ. ಸ್ವಲ್ಪ ಎತ್ತರವಾಗಿದ್ದು, ಒಂದು ಕಡೆಗೆ ಅಲ್ಪ ಇಳಿಜಾರಿರುವ ಮಸಾರಿ ನೆಲವನ್ನು ಆರಿಸಿಕೊಳ್ಳುವುದು ಉತ್ತಮ. ಒಣಗಿದ ಹಳ್ಳದ ಪಾತ್ರವು ಸಮತಟ್ಟಾಗಿ, ಮರಳಿನಿಂದ ಮೃದುವಾಗಿ ಕಂಡರೂ ಅಲ್ಲಿ ತಂಗಬಾರದು. ದೂರದಲ್ಲಿ ಬಿದ್ದ ಮಳೆಯ ನೀರು ಅದೇ ದಾರಿಯಲ್ಲಿ ಹರಿದು ಬರುತ್ತದೆ.

4. ನೆರಳು ಮತ್ತು ಬಿಸಿಲು

ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬೆಳಿಗ್ಗೆ ಬಂದ ಕುಟುಂಬಗಳು ಆ ಹೊತ್ತಿನಲ್ಲಿ ನೆರಳಿರುವ ಕಡೆ, ಅಂದರೆ ಮರದ ಪಶ್ಚಿಮಕ್ಕೆ ಡೇರೆ ಹೂಡುತ್ತವೆ. ಮಧ್ಯಾಹ್ನದ ನಂತರ ನೆರಳು ಪೂರ್ವಕ್ಕೆ ಸರಿಯುವುದರಿಂದ, ಬಿಸಿಲು ಅತಿ ತೀವ್ರವಾಗಿರುವ ಎರಡರಿಂದ ನಾಲ್ಕು ಗಂಟೆಯ ಅವಧಿಯಲ್ಲಿಯೇ ಅಂತಹ ಡೇರೆಗಳು ಪೂರ್ಣ ಬಿಸಿಲಿಗೆ ಒಡ್ಡಲ್ಪಡುತ್ತವೆ. ಈ ಭಾಗದಲ್ಲಿ ಮಾರ್ಚ್ ತಿಂಗಳಲ್ಲಿ ಸೂರ್ಯನು ನಡುನೆತ್ತಿಗಿಂತ ತುಸು ದಕ್ಷಿಣಕ್ಕಿರುತ್ತಾನೆ. ಆದ್ದರಿಂದ ಬೇವು ಅಥವಾ ಹುಣಸೆ ಮರದ ಪೂರ್ವ ಹಾಗೂ ಈಶಾನ್ಯ ಭಾಗವೇ ಡೇರೆಗೆ ಸೂಕ್ತ.

ಕುರುಗೋಡಿನಲ್ಲಿ ಬಂಡೆಗಲ್ಲಿನ ಬೆಟ್ಟಗಳು ಊರಿಗೆ ಹೊಂದಿಕೊಂಡಿವೆ. ಬಂಡೆಯ ಬುಡದಲ್ಲಿ ಸಂಜೆ ನೆರಳು ದೊರೆತರೂ, ಹಗಲೆಲ್ಲ ಕಾದ ಬಂಡೆಯು ರಾತ್ರಿ ಬಹಳ ಹೊತ್ತಿನವರೆಗೆ ಬಿಸಿಯನ್ನು ಹೊರಸೂಸುತ್ತದೆ. ಚಿಕ್ಕ ಮಕ್ಕಳು ಮತ್ತು ವೃದ್ಧರಿರುವ ಕುಟುಂಬಗಳು ಬಂಡೆಯಿಂದ ದೂರ, ಗಾಳಿಯಾಡುವ ಬಯಲನ್ನು ಆರಿಸಿಕೊಳ್ಳುವುದು ಲೇಸು. ಪ್ಲಾಸ್ಟಿಕ್ ತಾಡಪತ್ರಿಯನ್ನು ಬಳಸುವವರು ಅದರ ಕೆಳಗೆ ಒಂದು ಅಡಿ ಅಂತರ ಬಿಟ್ಟು ಹಳೆಯ ಬಟ್ಟೆಯ ಇನ್ನೊಂದು ಪದರ ಕಟ್ಟಿ, ಎದುರುಬದುರಿನ ಎರಡು ಬದಿಗಳನ್ನು ತೆರೆದಿಟ್ಟಲ್ಲಿ ಒಳಗಿನ ಧಗೆ ಕಡಿಮೆಯಾಗುತ್ತದೆ. ಗುಡುಗು ಸಹಿತ ಮಳೆಯ ಲಕ್ಷಣ ಕಂಡಾಗ ಬಯಲಿನ ಒಂಟಿ ಮರದ ಕೆಳಗೆ ಇರಬಾರದು. ಪಕ್ಕಾ ಕಟ್ಟಡಕ್ಕೆ ತೆರಳತಕ್ಕದ್ದು.

ಬಿಸಿಲಿನ ತಾಪದಿಂದ ಯಾರಾದರೂ ಅಸಂಬದ್ಧವಾಗಿ ಮಾತನಾಡಿದಲ್ಲಿ ಅಥವಾ ಪ್ರಜ್ಞೆ ತಪ್ಪಿದಲ್ಲಿ ನೆರಳಿಗೆ ಕರೆತಂದು, ಮೈಯನ್ನು ನೀರಿನಿಂದ ಒದ್ದೆ ಮಾಡಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

5. ನದಿ ಮತ್ತು ಕಾಲುವೆಯ ದಡ

ತುಂಗಭದ್ರಾ ನದಿಯಲ್ಲಿ ನೀರಿನ ಮಟ್ಟವು ಸ್ಥಳೀಯ ಮಳೆಯನ್ನು ಮಾತ್ರ ಅವಲಂಬಿಸಿರುವುದಿಲ್ಲ. ಹೊಸಪೇಟೆಯ ಬಳಿಯ ಜಲಾಶಯದಿಂದ ನೀರು ಬಿಟ್ಟಾಗ ಸಿರುಗುಪ್ಪ ಭಾಗದಲ್ಲಿ ಆಕಾಶ ತಿಳಿಯಾಗಿದ್ದರೂ ನದಿ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಅಪಾರ ಪ್ರಮಾಣದ ನೀರು ನದಿಗೆ ಹರಿಯಿತು. 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಸಿರುಗುಪ್ಪ ತಾಲ್ಲೂಕಿನ ಗ್ರಾಮಗಳು ತೀವ್ರ ಹಾನಿಗೊಳಗಾದವು. ಈ ಎರಡೂ ಸಂದರ್ಭಗಳನ್ನು ಗಮನದಲ್ಲಿರಿಸಿಕೊಂಡು, ನದಿಯ ಮರಳಿನ ಮೇಲಾಗಲಿ ನಡುಗಡ್ಡೆಯ ಮೇಲಾಗಲಿ ರಾತ್ರಿ ತಂಗಬಾರದು. ಹಿಂದಿನ ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ದಡದ ಗ್ರಾಮಸ್ಥರು ತೋರಿಸಬಲ್ಲರು. ಅದಕ್ಕಿಂತ ಮೇಲಿನ ಜಾಗವನ್ನೇ ಕೋರತಕ್ಕದ್ದು.

ಮೇಲ್ಮಟ್ಟದ ಹಾಗೂ ಕೆಳಮಟ್ಟದ ಕಾಲುವೆಗಳ ಏರಿಯೂ ತಂಗಲು ತಕ್ಕದ್ದಲ್ಲ. ಕಾಲುವೆಯ ಓರೆಯಾದ ಬದಿಗಳು ಪಾಚಿಯಿಂದ ಜಾರುವುದರಿಂದ, ಬಿದ್ದವರು ಈಜು ಬಲ್ಲವರಾದರೂ ಮೇಲೇರುವುದು ಕಷ್ಟ.

6. ಹಾವು, ಚೇಳುಗಳ ಬಗ್ಗೆ ಎಚ್ಚರಿಕೆ

ಭತ್ತದ ಗದ್ದೆಯ ಬದು, ಹುಲ್ಲಿನ ಬಣವೆ ಹಾಗೂ ಕಲ್ಲುಗುಪ್ಪೆಗಳಲ್ಲಿ ಇಲಿಗಳಿರುತ್ತವೆ. ಇಲಿಗಳಿರುವಲ್ಲಿಗೆ ಹಾವುಗಳು ಬರುತ್ತವೆ. ಕಟ್ಟುಹಾವು ರಾತ್ರಿ ವೇಳೆ ಸಂಚರಿಸಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಅದರ ಕಡಿತದಲ್ಲಿ ನೋವಾಗಲಿ ಬಾವಾಗಲಿ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಕ್ಕಾಗಿ ಕಾಲಹರಣ ಮಾಡುವುದು ಸಲ್ಲದು. ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ. ಸಾಧ್ಯವಾದಲ್ಲಿ ಮಂಚ ಅಥವಾ ಟ್ರ್ಯಾಲಿಯ ಮೇಲೆ ಮಲಗುವುದು, ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸುವುದು ಉತ್ತಮ ರಕ್ಷಣೆಯಾಗಿದೆ.

7. ರಥದ ಹಾದಿ, ವಿದ್ಯುತ್ ಮತ್ತು ಬೆಂಕಿ

ದೇವಸ್ಥಾನಕ್ಕೆ ಅತಿ ಸಮೀಪದ ಜಾಗವೇ ಶ್ರೇಷ್ಠವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ರಥ ಅಥವಾ ಸಿಡಿಬಂಡಿ ಸಾಗುವ ವೇಳೆ ನೂಕುನುಗ್ಗಲು ಉಂಟಾಗುವುದು ಅಲ್ಲಿಯೇ. ರಥವು ನೇರ ಗೆರೆಯಲ್ಲಿಯೇ ಸಾಗುವುದಿಲ್ಲ. ಜನರು ಹಿಂಜರಿಯುವಾಗ ಡೇರೆಯ ಹಗ್ಗಗಳಿಗೆ ಎಡವಿ ಬೀಳುತ್ತಾರೆ. ರಥಬೀದಿಯಿಂದ ದೂರವಿದ್ದು, ಹತ್ತು ನಿಮಿಷ ನಡೆದು ಬರಬಹುದಾದ ಜಾಗವು ಮಕ್ಕಳಿರುವ ಕುಟುಂಬಗಳಿಗೆ ಹೆಚ್ಚು ಸುರಕ್ಷಿತ. ಡೇರೆಗಳ ಸಾಲುಗಳ ನಡುವೆ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನ ಸಾಗುವಷ್ಟು ದಾರಿಯನ್ನು ಬಿಡತಕ್ಕದ್ದು.

ವಿದ್ಯುತ್ ತಂತಿಯ ಕೆಳಗೆ ಡೇರೆ ಹೂಡುವುದು, ಕಂಬಕ್ಕೆ ಹಗ್ಗ ಕಟ್ಟುವುದು, ಕೊಕ್ಕೆ ಹಾಕಿ ವಿದ್ಯುತ್ ಪಡೆಯುವುದು ಪ್ರಾಣಾಪಾಯಕರ. ತಂತಿ ಜೋತುಬಿದ್ದಿದ್ದಲ್ಲಿ ಜೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು. ಒಲೆಯು ಗಾಳಿ ಬೀಸುವ ದಿಕ್ಕಿನಲ್ಲಿ ಡೇರೆಯಿಂದ ಮುಂದಕ್ಕೆ ಇರಬೇಕೇ ಹೊರತು ಕಿಡಿಯು ಡೇರೆಯ ಕಡೆಗೆ ಹಾರುವಂತಿರಬಾರದು. ಮೇವಿನ ಹೊರೆಯನ್ನು ಒಲೆಯಿಂದ ದೂರವಿಡಬೇಕು. ಮಲಗುವ ಮುನ್ನ ಕೆಂಡಕ್ಕೆ ನೀರು ಸುರಿಯಬೇಕು.

8. ನೀರು ಮತ್ತು ನೈರ್ಮಲ್ಯ

ಕುಡಿಯುವ ನೀರಿನ ನಲ್ಲಿ ಸಮೀಪದಲ್ಲಿರಬೇಕು, ಆದರೆ ಡೇರೆಗೆ ಅಂಟಿಕೊಂಡಿರಬಾರದು. ನಲ್ಲಿಯ ಸುತ್ತ ರಾತ್ರಿಯಿಡೀ ಜನಸಂಚಾರ ಹಾಗೂ ಕೆಸರು ಇರುತ್ತದೆ. ಶೌಚಾಲಯವು ಡೇರೆಗಿಂತ ತಗ್ಗಿನಲ್ಲಿರಬೇಕು ಮತ್ತು ಮಹಿಳೆಯರು ರಾತ್ರಿ ನಡೆದು ಹೋಗುವ ದಾರಿಯಲ್ಲಿ ಬೆಳಕಿರಬೇಕು. ಸ್ಥಳ ಪರಿಶೀಲನೆಗೆ ಕುಟುಂಬದ ಮಹಿಳೆಯೊಬ್ಬರೂ ಹೋಗುವುದರಿಂದ ಈ ಅಂಶವು ಗಮನದಿಂದ ತಪ್ಪುವುದಿಲ್ಲ. ನೀರನ್ನು ಕುದಿಸಿ ಆರಿಸಿ ಕುಡಿಯುವುದು ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆಯ ನಂತರ ಬಳಸುವುದು ಅಗತ್ಯ. 2022ರ ಜುಲೈ 1ರಿಂದ ದೇಶಾದ್ಯಂತ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳು ನಿಷೇಧಕ್ಕೊಳಪಟ್ಟಿರುವುದರಿಂದ ಎಲೆ ಅಥವಾ ಲೋಹದ ತಟ್ಟೆಗಳನ್ನು ತರುವುದು.

9. ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

1. ಅರ್ಜಿದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಗುರುತಿನ ದಾಖಲೆಯ ನಕಲು
2. ತಂಗುವ ದಿನಾಂಕಗಳು, ಒಟ್ಟು ಜನರು, ಅವರಲ್ಲಿ ಮಕ್ಕಳು, ವೃದ್ಧರು, ಗರ್ಭಿಣಿಯರು ಹಾಗೂ ವಿಕಲಚೇತನರು
3. ಬೇಕಾದ ಒಟ್ಟು ಜಾಗ (ಹಗ್ಗ, ಒಲೆ ಮತ್ತು ವಾಹನ ಸೇರಿ)
4. ಆದ್ಯತೆಯ ಕ್ರಮದಲ್ಲಿ ಎರಡು ಅಥವಾ ಮೂರು ಸ್ಥಳಗಳ ಗುರುತು

ಒಂದೇ ಸ್ಥಳವನ್ನು ನಮೂದಿಸಿ, ಅದು ಬೇರೆಯವರಿಗೆ ದೊರೆತಲ್ಲಿ ಅರ್ಜಿದಾರರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಪರ್ಯಾಯ ಸ್ಥಳಗಳನ್ನು ಸೂಚಿಸಿದಲ್ಲಿ ಕಚೇರಿಯು ಕೂಡಲೇ ಪರಿಗಣಿಸಬಹುದು. ಶುಲ್ಕ ನಿಗದಿಯಾಗಿದ್ದಲ್ಲಿ ಅದನ್ನು ಪಾವತಿಸಿ ರಸೀದಿ ಪಡೆಯತಕ್ಕದ್ದು. ಸ್ಥಳದಲ್ಲಿ ಯಾರಾದರೂ ಹಣ ಕೇಳಿದಲ್ಲಿ ಅವರ ಅಧಿಕೃತ ಪತ್ರ ಮತ್ತು ಮುದ್ರಿತ ರಸೀದಿಯನ್ನು ಕೇಳುವ ಹಕ್ಕು ಸಾರ್ವಜನಿಕರಿಗಿದೆ. ಧ್ವನಿವರ್ಧಕ ಬಳಸುವವರು ಪೊಲೀಸ್ ಇಲಾಖೆಯ ಪ್ರತ್ಯೇಕ ಅನುಮತಿ ಪಡೆಯಬೇಕು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿದೆ.

10. ಬಂದ ದಿನ ಕೈಗೊಳ್ಳಬೇಕಾದ ಕ್ರಮ

ಡೇರೆ ಹೂಡಿದ ಕೂಡಲೇ ಕುಟುಂಬದ ಎಲ್ಲರಿಗೂ ಸುತ್ತಲಿನ ಗುರುತುಗಳನ್ನು, ಹೊರಹೋಗುವ ದಾರಿಯನ್ನು ಬೆಳಕಿರುವಾಗಲೇ ತೋರಿಸಬೇಕು. ಮಕ್ಕಳ ಜೇಬಿನಲ್ಲಿ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಿಸಬೇಕು. ಮಂಜೂರಾದ ಸ್ಥಳವು ಅಪಾಯಕರವೆಂದು ಕಂಡಲ್ಲಿ, ಅನುಮತಿ ದೊರೆತಿದೆಯೆಂಬ ಕಾರಣಕ್ಕೆ ಅಲ್ಲಿಯೇ ತಂಗದೆ ಸಂಬಂಧಿಸಿದ ಕಚೇರಿಗೆ ತಿಳಿಸಿ ಬದಲಿ ಸ್ಥಳ ಕೋರಬೇಕು.

ತುರ್ತು ದೂರವಾಣಿ: ಪೊಲೀಸ್ ಮತ್ತು ಎಲ್ಲ ತುರ್ತು ಸೇವೆ 112, ಆಂಬುಲೆನ್ಸ್ 108, ಅಗ್ನಿಶಾಮಕ 101, ವಿದ್ಯುತ್ 1912, ಮಕ್ಕಳ ಸಹಾಯವಾಣಿ 1098.

ಹೊರಡುವ ಮುನ್ನ ಗೂಟದ ಕುಳಿಗಳನ್ನು ಮುಚ್ಚಿ, ಬೂದಿ ಮತ್ತು ಕಸವನ್ನು ತೆರವುಗೊಳಿಸಿ, ಮುಂದೆ ಬರುವವರಿಗೆ ಸ್ವಚ್ಛವಾದ ಸ್ಥಳವನ್ನು ಬಿಟ್ಟುಕೊಡಲು ಸಾರ್ವಜನಿಕರಲ್ಲಿ ಕೋರಲಾಗಿದೆ.