ಚೌಕುಳಿ ಷರಾಯಿಗೊಬ್ಬ ದರ್ಜಿ

ದರ್ಜಿಯನ್ನು ಹುಡುಕುವುದೂ ಒಂದೇ, ಮಗಳಿಗೆ ವರನನ್ನು ಹುಡುಕುವುದೂ ಒಂದೇ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಬೋರ್ಡು ನೋಡಿ ಒಪ್ಪಬಾರದು, ಮೊದಲು ಹೊಲಿಸಿಕೊಂಡವರನ್ನು ಕೇಳಬೇಕು ಎಂಬುದು ಅವರ ಅಭಿಪ್ರಾಯ. ಹೋದ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಈ ಮಾತು ನನಗೆ ಮೇಲಿಂದ ಮೇಲೆ ನೆನಪಾಯಿತು.

ಮಗಳ ಮನೆಗೆಂದು ಹೋಗಿದ್ದೆ. ಮುಂಬಯಿಯ ಗಿರಣಿಯೊಂದರ ನೇಯ್ಗೆ ಖಾತೆಯಲ್ಲಿ ಮೂವತ್ತು ವರ್ಷ ಸವೆಸಿದವನು ನಾನು ಎಂಬ ಸಂಗತಿಯನ್ನು ಅವಳು ಪಕ್ಕದ ಮನೆಯ ಹಿರಿಯರೊಬ್ಬರಿಗೆ ತಿಳಿಸಿದ್ದಳೆಂದು ಕಾಣುತ್ತದೆ. ಎಂಬತ್ತು ದಾಟಿದ ಆ ಮನುಷ್ಯ ಒಂದು ಸಂಜೆ ಕಂದು ಕಾಗದದ ಕಟ್ಟೊಂದನ್ನು ಎದೆಗವಚಿಕೊಂಡು ಬಂದರು. ಬಿಚ್ಚಿದರೆ ಡಾಂಬರ ಗುಳಿಗೆಯ ವಾಸನೆ. ಒಳಗೆ ಎರಡೂ ಮುಕ್ಕಾಲು ಗಜ ಉಣ್ಣೆಯ ಬಟ್ಟೆ. ಪನ್ನ 54 ಅಂಗುಲ, ತೂಕ ಗಜಕ್ಕೆ 16 ಔನ್ಸಿಗೆ ಕಡಿಮೆಯಿಲ್ಲ. ಕಡುಹಸುರು, ಕಡುನೀಲಿ, ಕಪ್ಪು. ಅದರ ಮೇಲೆ ಬಿಳಿಯ ಮತ್ತು ಕೆಂಪು ಗೆರೆಗಳು. ಇದು ಮೆಕೆಂಜಿ ಟಾರ್ಟನ್. ಅವರ ತಂದೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಪಡೆಯಲ್ಲಿ ಸಿಪಾಯಿಯಾಗಿದ್ದವರಂತೆ. ಪಡೆ ಬಿಟ್ಟ ಮೇಲೆ ಷರಾಯಿ ಹೊಲಿಸಬೇಕೆಂದು ಕೊಂಡಿಟ್ಟದ್ದು, ಹೊಲಿಸದೆಯೇ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಮೊಮ್ಮಗಳ ಮದುವೆ. ಆ ಹೊತ್ತಿಗೆ ಇದರಲ್ಲಿ ಟ್ರೂಸ್ ಆಗಬೇಕು ಎಂಬುದು ಮುದುಕರ ಆಸೆ.

ಸ್ಕಾಟ್ ಜನರ ಉಡುಪೆಂದರೆ ನಮ್ಮ ಕಣ್ಣಿಗೆ ಬರುವುದು ಮೊಳಕಾಲ ಮೇಲಿನ ನೆರಿಗೆಯ ಕಿಲ್ಟ್. ಆದರೆ ಕುದುರೆ ಏರುವ ನಾಯಕರು ಬಹು ಹಿಂದಿನಿಂದಲೂ ತೊಡುತ್ತಿದ್ದುದು ಟ್ರೂಸ್ ಎಂಬ ಬಿಗಿಯಾದ ಚೌಕುಳಿ ಷರಾಯಿ. ಹಳೆಯ ಕಾಲದಲ್ಲಿ ಇದಕ್ಕೆ ಬಟ್ಟೆಯನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಆಗ ನೇಯ್ದ ಬಟ್ಟೆಯೂ ಕೊಂಚ ಹಿಗ್ಗಿ ಕಾಲಿಗೆ ಅಂಟುತ್ತದೆ, ಚೌಕಗಳು ವಜ್ರಾಕಾರವಾಗಿ ನಿಲ್ಲುತ್ತವೆ. ದಂಗೆಯೆದ್ದ ಹೈಲ್ಯಾಂಡರನ್ನು ಅಡಗಿಸಲು 1746ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಕಾಯಿದೆಯಲ್ಲಿ ಕಿಲ್ಟಿನ ಜೊತೆಗೆ ಟ್ರೂಸಿನ ಹೆಸರೂ ಉಂಟು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಒಂದು ಷರಾಯಿಗೆ ಏಳು ವರ್ಷ! 1782ರಲ್ಲಿ ಆ ಕಾಯಿದೆ ರದ್ದಾಯಿತು. ಅನಂತರ ಸರ್ ಜಾನ್ ಸಿಂಕ್ಲೇರ್ ಎಂಬಾತ ಕಿಲ್ಟಿಗಿಂತ ಟ್ರೂಸೇ ಪ್ರಾಚೀನವೆಂದು ವಾದಿಸಿ, ತಾನು ಕಟ್ಟಿದ ಪಡೆಗೆ ಅದನ್ನೇ ತೊಡಿಸಿದ. ಟ್ರೂಸ್ ತೊಟ್ಟು ನಿಂತ ಆತನ ಚಿತ್ರವನ್ನು ರೇಬರ್ನ್ ಬರೆದಿದ್ದಾನೆ.

ಮುದುಕರ ತಂದೆಯ ಪಡೆಗೂ ಟ್ರೂಸಿಗೂ ವಿಶೇಷ ಸಂಬಂಧ. 71 ಮತ್ತು 74ನೆಯ ದಳಗಳು 1881ರಲ್ಲಿ ಕೂಡಿ ಆದದ್ದು ಈ ಪಡೆ. ಹೈಲ್ಯಾಂಡ್ ಪಡೆಗಳಲ್ಲೆಲ್ಲ 1947ರವರೆಗೂ ಕಿಲ್ಟ್ ಬಿಟ್ಟು ಟ್ರೂಸ್ ತೊಟ್ಟದ್ದು ಇದೊಂದೇ. ನನ್ನ ಊರು ಎಲ್ಲಿ ಎಂದು ಅವರು ಕೇಳಿದರು. ಶ್ರೀರಂಗಪಟ್ಟಣದ ಬಳಿ ಎಂದೆ. ಮುದುಕರು ಕುರ್ಚಿಯಿಂದ ಅರ್ಧ ಎದ್ದರು. 71ನೆಯ ದಳಕ್ಕೆ ಮೊದಲಿದ್ದ ಸಂಖ್ಯೆ 73. ಆ ದಳದವರು ಕೆಲವರನ್ನು 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಹೈದರಾಲಿ ಸೆರೆಹಿಡಿದ; ಡೇವಿಡ್ ಬೇರ್ಡ್ ಎಂಬ ಅಧಿಕಾರಿ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಕೊಳೆತ. 1799ರಲ್ಲಿ ಕೋಟೆಗೆ ಲಗ್ಗೆ ಹತ್ತಿಸಿದವನು ಅವನೇ. ಆ ಮುತ್ತಿಗೆಯಲ್ಲಿ 74ನೆಯ ದಳವೂ ಇತ್ತು. "ನಿಮ್ಮವರು ನಮ್ಮವರನ್ನು ಮೂರು ವರ್ಷಕ್ಕೂ ಹೆಚ್ಚು ಕೂಡಿಹಾಕಿದ್ದರು. ಪರಿಹಾರವಾಗಿ ನನಗೊಬ್ಬ ದರ್ಜಿಯನ್ನು ಹುಡುಕಿಕೊಡಿ" ಎಂದು ನಕ್ಕರು. ಕೋಟೆ ಕಳೆದುಕೊಂಡವರು ನಾವು, ಪರಿಹಾರ ಕೊಡಬೇಕಾದವರೂ ನಾವೇ! ಇರಲಿ, ಒಪ್ಪಿದೆ.

ಎಡಿನ್‌ಬರೋದ ಹಳೆಯ ಪೇಟೆಯ ರಾಜಬೀದಿಯಲ್ಲಿ ಟಾರ್ಟನ್ ಅಂಗಡಿಗಳಿಗೆ ಬರವಿಲ್ಲ. ಮೊದಲು ಹೊಕ್ಕ ಅಂಗಡಿಯಲ್ಲಿ ಪ್ರವಾಸಿಗರಿಗೆ ಶಾಲು ಮಾರುವ ಹುಡುಗ, ಗಿರಾಕಿ ತಂದ ಬಟ್ಟೆಯನ್ನು ತಾವು ಮುಟ್ಟುವುದಿಲ್ಲವೆಂದ. ಅದೇ ಟಾರ್ಟನ್ ಇಂದಿಗೂ ನೇಯುತ್ತಾರೆ, ಹೊಸದನ್ನೇ ಕೊಳ್ಳಿರಿ ಎಂಬ ಸಲಹೆ ಬೇರೆ. ಮಾತು ಸುಳ್ಳಲ್ಲ. ಆದರೆ ಅದು ತಂದೆ ಕೊಂಡ ಬಟ್ಟೆಯಾಗುವುದಿಲ್ಲವಲ್ಲ! ಎರಡನೆಯ ಕಡೆ ಬಹಳ ಮರ್ಯಾದೆಯಿಂದ ಅಳತೆ ತೆಗೆದರು. ಕತ್ತರಿಸುವವರು ಯಾರೆಂದು ಕೇಳಿದೆ. ಬೇರೆ ಊರಿಗೆ ಕಳಿಸುತ್ತಾರಂತೆ. ಹೊರಮಗ್ಗುಲಿನ ಹೊಲಿಗೆ ಇಲ್ಲದೆ ಆಗುತ್ತದೆಯೇ ಎಂದೆ. "ಈಗ ಯಾರೂ ಹಾಗೆ ಮಾಡುವುದಿಲ್ಲ" ಎಂಬ ಉತ್ತರ ಬಂತು. ಕಟ್ಟನ್ನು ಮತ್ತೆ ಕಟ್ಟಿಕೊಂಡೆವು.

ಇಲ್ಲಿ ಸ್ವಲ್ಪ ವಿವರಿಸಬೇಕು. ಟಾರ್ಟನ್ನಿನಲ್ಲಿ ಹಾಸಿನ ಬಣ್ಣದ ಲೆಕ್ಕವೇ ಹೊಕ್ಕಿನಲ್ಲಿಯೂ ಬರುತ್ತದೆ. ಸಾಧಾರಣ ಷರಾಯಿಗೆ ಕಾಲಿನ ಒಳಗೊಂದು ಹೊರಗೊಂದು ಹೊಲಿಗೆ. ಸಂಪ್ರದಾಯದ ಟ್ರೂಸಿಗೆ ಒಳಹೊಲಿಗೆ ಮಾತ್ರ; ಒಂದೇ ತುಂಡು ಕಾಲನ್ನು ಸುತ್ತಿಬರುವುದರಿಂದ ಹೊರಗಡೆ ಚೌಕುಳಿ ಎಲ್ಲಿಯೂ ತುಂಡಾಗುವುದಿಲ್ಲ. ಆದರೆ ಸೊಂಟದ ಬಳಿ ಹೊರಹೊಲಿಗೆಯಲ್ಲಿ ಸವರಿಬಿಡಬಹುದಾದ ಹೆಚ್ಚಿನ ಬಟ್ಟೆಯನ್ನು ಇಲ್ಲಿ ಸಣ್ಣ ಮಡಿಕೆ ಹಿಡಿದು, ಇಸ್ತ್ರಿಯ ಆವಿಯಿಂದ ಕುಗ್ಗಿಸಿ ಕೂಡಿಸಬೇಕು. ಅದಕ್ಕೆ ಕೈ ಪಳಗಿರಬೇಕು. ಇನ್ನು ಬಟ್ಟೆಯ ಲೆಕ್ಕ. ನಮ್ಮ ಬಟ್ಟೆಯಲ್ಲಿ ಚೌಕುಳಿ ಏಳು ಅಂಗುಲಕ್ಕೊಮ್ಮೆ ಮರುಕಳಿಸುತ್ತಿತ್ತು. ಒಂದು ಕಾಲಿಗೆ 45 ಅಂಗುಲ ಉದ್ದ ಬೇಕು. ಇಡಿಯ ಸುತ್ತಿನ ತುಂಡಾದ್ದರಿಂದ ಎರಡು ಕಾಲುಗಳು ಪನ್ನದಲ್ಲಿ ಪಕ್ಕಪಕ್ಕಕ್ಕೆ ಹಿಡಿಸುವುದಿಲ್ಲ. ಎರಡನೆಯ ಕಾಲು ಅದೇ ಗೆರೆಯಿಂದ ಮೊದಲಾಗಬೇಕಾದರೆ 49ನೆಯ ಅಂಗುಲದವರೆಗೆ ಕಾಯಬೇಕು. ಇಲ್ಲವಾದರೆ ಎಡಗಾಲಿನ ಬಿಳಿಗೆರೆ ಒಂದು ಎತ್ತರ, ಬಲಗಾಲಿನದು ಇನ್ನೊಂದು. ಒಟ್ಟು 94 ಅಂಗುಲ. ಇದ್ದದ್ದು 99. ಕತ್ತರಿ ಒಮ್ಮೆ ತಪ್ಪಿದರೆ ಕಥೆ ಮುಗಿಯಿತು.

ಕೊನೆಗೆ ತಾಯಿಯವರ ಮಾತನ್ನೇ ಹಿಡಿದೆವು. ಅಂಗಡಿಗಳನ್ನು ಬಿಟ್ಟು, ಹಳೆಯ ಸಿಪಾಯಿಗಳಲ್ಲಿ ಟ್ರೂಸ್ ಹೊಲಿಸಿಕೊಂಡವರನ್ನು ಮುದುಕರು ವಿಚಾರಿಸತೊಡಗಿದರು. ಇಬ್ಬರು ಒಂದೇ ವಿಳಾಸ ಹೇಳಿದರು. ಬಂದರಿನ ಕಡೆ, ಲೀತ್‌ನಲ್ಲಿ, ಮಹಡಿಯ ಮೇಲೊಂದು ಕೋಣೆ, ಬೋರ್ಡೇ ಇಲ್ಲ. ಅರವತ್ತರ ಸುಮಾರಿನ ಹೆಂಗಸು.

ಆಕೆ ಅಳತೆಪಟ್ಟಿಯನ್ನು ಮುಟ್ಟಲೇ ಇಲ್ಲ. ಬಟ್ಟೆಯನ್ನು ಕಿಟಕಿಗೆ ಹಿಡಿದು ನುಸಿ ತಿಂದ ತೂತುಗಳಿವೆಯೇ ಎಂದು ಅಂಗುಲ ಅಂಗುಲವಾಗಿ ನೋಡಿದಳು. ಎರಡು ಸಿಕ್ಕವು, ಸೀಮೆಸುಣ್ಣದಿಂದ ಗುರುತು ಹಾಕಿದಳು. ಆಮೇಲೆ ಮುದುಕರನ್ನು ನಡೆಯಿರಿ ಎಂದಳು, ಕುಳಿತುಕೊಳ್ಳಿರಿ ಎಂದಳು, ಮದುವೆಗೆ ಯಾವ ಬೂಟು ಎಂದು ಕೇಳಿದಳು. ಟ್ರೂಸಿನ ಕಾಲ್ತುದಿ ಮುಂದೆ ಕೊಂಚ ಮೇಲೆ, ಹಿಂದೆ ಕೊಂಚ ಕೆಳಗೆ ಓರೆಯಾಗಿರುವುದರಿಂದ ಬೂಟಿನ ಹಿಮ್ಮಡಿ ತಿಳಿಯದೆ ಕತ್ತರಿಸುವಂತಿಲ್ಲ. ನಾನು ಕೇಳಿದ್ದಕ್ಕೆ ಕಪಾಟಿನಿಂದ ಅರೆಹೊಲಿದ ಒಂದು ಜೊತೆಯನ್ನು ತೆಗೆದು ಒಳಮೈ ತಿರುವಿ ತೋರಿಸಿದಳು. ಒಳಮೈ ತೋರಿಸಲು ಹಿಂಜರಿಯದ ದರ್ಜಿಯನ್ನು ನಂಬಬಹುದು ಎಂಬುದು ನನ್ನ ಅನುಭವ. ಮೊದಲು ಮಾಂಜರಪಾಟಿನಲ್ಲಿ ಒಂದು ಮಾದರಿ ಹೊಲಿದು ಎರಡು ಸಲ ತೊಡಿಸಿ ನೋಡುವೆನೆಂದೂ, ಉಳಿದ ಚೂರುಗಳನ್ನೆಲ್ಲ ಹಿಂದಿರುಗಿಸುವೆನೆಂದೂ ತಾನಾಗಿಯೇ ಹೇಳಿದಳು. ಮಜೂರಿ ಕೇಳಿ ನನಗೆ ಎದೆ ಧಸಕ್ಕೆಂದಿತು. ಮುದುಕರು ರೆಪ್ಪೆ ಮಿಟುಕಿಸಲಿಲ್ಲ.

ಕತ್ತರಿಸುವ ದಿನ ನಮ್ಮನ್ನೂ ಕರೆದಿದ್ದಳು. ತೂತುಗಳೆರಡೂ ಕಾಲಿನ ತುಂಡುಗಳಿಂದ ಆಚೆ ಬೀಳುವಂತೆ ಮಾದರಿಯನ್ನು ಅತ್ತಿತ್ತ ಸರಿಸಿ, ಒಂದು ಗಂಟೆ ಬರಿಯ ಗುಂಡುಸೂಜಿ ಚುಚ್ಚುವುದರಲ್ಲೇ ಕಳೆದಳು. ಕತ್ತರಿ ಬಟ್ಟೆಗೆ ಇಳಿದ ಸದ್ದು ಕೇಳಿದಾಗ ಮುದುಕರು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನನ್ನ ಕೈಯೂ ಬೆವತಿತ್ತು.

ಮದುವೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಟ್ರೂಸಿನ ಸೊಂಟ ಎತ್ತರ. ಹಿಂಭಾಗ ಮೀನಿನ ಬಾಲದಂತೆ ಇನ್ನೂ ಮೇಲಕ್ಕೇರಿ, ಅದಕ್ಕೆ ಹೆಗಲ ಪಟ್ಟಿಯ ಗುಂಡಿಗಳಿರುತ್ತವೆ. ಮುದುಕರು ಹೊಸ ಟ್ರೂಸ್ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಗುಂಡಿಗೆ ಕೈ ಎಟುಕುತ್ತಿರಲಿಲ್ಲವಂತೆ. ಹಾಕಿಕೊಟ್ಟೆ. ಹಾಕುವಾಗ, ನೇಯ್ಗೆಯವನ ಚಟ, ನಡುಹೊಲಿಗೆಯಲ್ಲಿ ಬಿಳಿಗೆರೆ ಬಿಳಿಗೆರೆಗೆ ಕೂಡಿದೆಯೇ ಎಂದು ಬಗ್ಗಿ ನೋಡಿದೆ. ಕೂಡಿತ್ತು.