ನೃಪತುಂಗ ರಸ್ತೆಯಲ್ಲಿ ಕಲ್ಲುಗಳ ಮಾತು ಕೇಳುವ ಮನೆ

ಬೆಂಗಳೂರಿನ ಕೆ.ಆರ್. ವೃತ್ತದಿಂದ ಕಾರ್ಪೊರೇಷನ್ ಕಡೆಗೆ ಬರುವ ನೃಪತುಂಗ ರಸ್ತೆಯಲ್ಲಿ, ಕಚೇರಿಗಳ ಸಾಲಿನ ನಡುವೆ, ನೂರು ವರ್ಷ ದಾಟಿದ ಡೇಲಿ ಮೆಮೋರಿಯಲ್ ಹಾಲ್ ಇದೆ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ನೆಲೆ ಇದೇ. ಬೆಂಗಳೂರಿನ ಕಥೆ ಕೆಂಪೇಗೌಡರಿಂದ ಶುರುವಾಗುತ್ತದೆ ಎಂದು ನಂಬಿದವರನ್ನು ಇನ್ನೂ ಏಳೆಂಟು ನೂರು ವರ್ಷ ಹಿಂದಕ್ಕೆ ಕರೆದೊಯ್ಯುವ ಜಾಗ.

ಸೊಸೈಟಿ ಹುಟ್ಟಿದ್ದು 1909ರಲ್ಲಿ. ಫಾದರ್ ಎ.ಎಂ. ಟಬಾರ್ಡ್, ದಂಡುಪ್ರದೇಶದ ಕಲೆಕ್ಟರ್ ಆಗಿದ್ದ ಎಫ್.ಜೆ. ರಿಚರ್ಡ್ಸ್ ಮೊದಲಾದವರು ಸೇರಿ ಕಟ್ಟಿದ್ದು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಹ್ಯೂ ಡೇಲಿ ಹೆಸರಿನ ಈ ಸಭಾಂಗಣ ಎದ್ದದ್ದು ಕೆಲವು ವರ್ಷಗಳ ನಂತರ. ಪ್ರಬಂಧ ಓದುವುದು, ಚರ್ಚಿಸುವುದು, ಅದನ್ನು ತ್ರೈಮಾಸಿಕದಲ್ಲಿ ಅಚ್ಚು ಹಾಕಿಸುವುದು ಅಂದಿನವರ ಕೆಲಸ. ಎಲ್ಲವೂ ಇಂಗ್ಲಿಷಿನಲ್ಲಿ, ಓದುಬರಹ ಬಲ್ಲ ಕೆಲವರ ನಡುವೆ. ಆ ಪತ್ರಿಕೆಯ ಹಳೆಯ ಸಂಪುಟಗಳು ದಕ್ಷಿಣ ಭಾರತದ ಇತಿಹಾಸ ಬರೆಯುವವರಿಗೆ ಇಂದಿಗೂ ಬೇಕು. ಆದರೆ ಸೊಸೈಟಿ ತನ್ನ ಅತ್ಯುತ್ತಮ ಕೆಲಸವನ್ನು ಮಾಡುತ್ತಿರುವುದು ಈಗ, ಈ ಗೋಡೆಗಳ ಆಚೆ ಎಂದೇ ನನ್ನ ಭಾವನೆ.

2021ರಲ್ಲಿ ಸೊಸೈಟಿ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆ ಕೈಗೆತ್ತಿಕೊಂಡಿತು. ದಾರಿ ತೋರಿಸಲು ಒಂದು ಹಳೆಯ ಪುಸ್ತಕವಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ನಾವು ಶಾಸನ ಪಿತಾಮಹ ಎಂದು ನೆನೆಯುವ ಮಹನೀಯರು, ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಈ ಜಿಲ್ಲೆಗೇ ಮೀಸಲಿಟ್ಟು 1905ರಲ್ಲಿ ಹೊರತಂದಿದ್ದರು. ಊರು, ದೇವಸ್ಥಾನ, ಕೆರೆ ಏರಿ, ಹೊಲ ಎಂದು ಕಲ್ಲು ಇರುವ ಜಾಗವನ್ನೂ ಅದರಲ್ಲಿ ಗುರುತು ಹಾಕಿದ್ದಾರೆ. ಇಂದು ಆ ಗುರುತು ಹಿಡಿದು ಹೊರಟರೆ ಹೊಲದ ಜಾಗದಲ್ಲಿ ಲೇಔಟ್ ಇರುತ್ತದೆ, ಏರಿಯ ಮೇಲೆ ಡಾಂಬರು ರಸ್ತೆ. ಕೆಲವು ಕಲ್ಲು ಪಾಯ ಸೇರಿವೆ. ನಿಧಿ ಸಿಗುತ್ತದೆಂಬ ಆಸೆಗೆ ಒಡೆದುಹೋದವೂ ಇವೆ. ಇನ್ನು ಕೆಲವಕ್ಕೆ ಜನ ಅರಿಶಿನ ಕುಂಕುಮ ಹಚ್ಚಿ, ಎಣ್ಣೆ ಸುರಿದು ಪೂಜೆ ಮಾಡುತ್ತಾರೆ. ಅಕ್ಷರ ಮುಚ್ಚಿಹೋದರೂ ಕಲ್ಲು ಉಳಿದದ್ದು ಆ ಪೂಜೆಯಿಂದಲೇ, ಆ ಭಕ್ತಿಗೆ ನಾವು ಋಣಿಗಳು.

ಹಿಂದಿನವರು ಶಾಸನದ ಪಡಿಯಚ್ಚು ತೆಗೆಯುತ್ತಿದ್ದರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಇಳಿಯುವಂತೆ ಬ್ರಷ್‌ನಿಂದ ತಟ್ಟಿ, ಮೇಲೆ ಮಸಿ ಒತ್ತಬೇಕು. ಗುಳಿ ಬೆಳ್ಳಗೆ ಉಳಿದು ಅಕ್ಷರ ಮೂಡುತ್ತದೆ. ಸವೆದ ಕಲ್ಲಿನಲ್ಲಿ ಮಾತ್ರ ಬರೀ ಕಪ್ಪು. ಸ್ಕ್ಯಾನರ್ ಕಲ್ಲನ್ನು ಮುಟ್ಟುವುದೇ ಇಲ್ಲ. ಬೆಳಕು ಹಾಯಿಸಿ ಮೇಲ್ಮೈಯ ಏರಿಳಿತವನ್ನು ಅಳೆದುಕೊಳ್ಳುತ್ತದೆ. ಪರದೆಯ ಮೇಲೆ ಪಾಚಿ, ಬಣ್ಣ, ಎಣ್ಣೆ ಜಿಡ್ಡು ಎಲ್ಲವನ್ನೂ ಕಳಚಿ, ಬೆಳಕನ್ನು ಓರೆಗೆ ತಿರುಗಿಸಿದರೆ ಸಾಕು, ಬರಿಗಣ್ಣಿಗೆ ಏನೂ ಕಾಣದ ಕಡೆ ಒಂದು ತಲೆಕಟ್ಟು, ಅದರ ಕೆಳಗೊಂದು ಬಳಸು ಎದ್ದು ಬರುತ್ತವೆ. ತಜ್ಞರು ತಡವರಿಸುತ್ತಿದ್ದ ಪದಗಳು ಕೂಡಿಕೊಳ್ಳುವುದು ಹೀಗೆ.

ಹೆಬ್ಬಾಳದ ಕಥೆಯನ್ನು ಬೆಂಗಳೂರಿನ ಪ್ರತಿ ಶಾಲೆಯಲ್ಲೂ ಹೇಳಬೇಕು. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ರಾಜನೂ ಅಲ್ಲದ, ಕಾವ್ಯದಲ್ಲೂ ಇಲ್ಲದ ಒಬ್ಬ ಮನುಷ್ಯ ಸಾವಿರದ ಇನ್ನೂರು ವರ್ಷದ ಮೇಲೆ ಮತ್ತೆ ತನ್ನ ಊರಿನವರ ಬಾಯಲ್ಲಿ ಬಂದ. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲಂತೂ ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಬೆಂಗಳೂರು ಕಾಳಗವನ್ನು ಹೆಸರಿಸುತ್ತದೆ. ಅಗರದ ಶಾಸನದಲ್ಲಿ ಕಾಳಗದ ಸುದ್ದಿಯಿಲ್ಲ. ಎರಡು ಕೆರೆಗೆ ತೂಬು ಇಡಿಸಿ ಮೂರನೆಯ ಕೆರೆ ಕಟ್ಟಿಸಿದವನೊಬ್ಬನ ಹೆಸರಿದೆ. ಕೆರೆ ನುಂಗಿ ಬೆಳೆದ ನಗರಕ್ಕೆ ಅದನ್ನು ಓದಿ ಹೇಳಬೇಕಾದ ಕಾಲವಿದು.

ಓದಿದ್ದನ್ನು ಬೀರುವಿನಲ್ಲಿ ಬೀಗ ಹಾಕಿ ಇಡದಿರುವುದು ಈ ಕೆಲಸದ ದೊಡ್ಡಗುಣ. ಸ್ಕ್ಯಾನ್ ಮಾಡಿದ ಪ್ರತಿಗಳು ಸಾರ್ವಜನಿಕರಿಗೆ ಸಿಗುತ್ತವೆ. ಶಾಸನಗಳಿಂದ ಆರಿಸಿದ ಹಳೆಯ ಅಕ್ಷರರೂಪಗಳನ್ನು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶದಲ್ಲಿ ಜೋಡಿಸಿಟ್ಟಿದ್ದಾರೆ. ಲಿಪಿ ಕಲಿಯುವ ಆಸೆಯಿರುವ ಕಾಲೇಜು ಹುಡುಗಿ ಮೊದಲು ಗುರುವನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಈಗ ಮನೆಯಲ್ಲೇ ಕೂತು ಶುರುಮಾಡಬಹುದು. ಒಂದು ಕಲ್ಲಿನಲ್ಲಿ ಏನಿದೆ ಎಂದು ಬೀದಿಯವರಿಗೆ ಗೊತ್ತಾದರೆ ಅದಕ್ಕೆ ಕಾವಲಿಗೆ ಬೇರೆ ಯಾರೂ ಬೇಕಿಲ್ಲ, ಜೆಸಿಬಿ ಬಂದಾಗ ಅವರೇ ಅಡ್ಡ ನಿಲ್ಲುತ್ತಾರೆ.

ಪಾಯ ತೋಡುವಾಗ, ಬಾವಿ ಹೂಳೆತ್ತುವಾಗ ಅಕ್ಷರವೋ ಕತ್ತಿ ಹಿಡಿದ ವೀರನ ಆಕೃತಿಯೋ ಇರುವ ಕಲ್ಲು ನಿಮ್ಮ ಕಣ್ಣಿಗೂ ಬೀಳಬಹುದು. ಉಜ್ಜಿ ತೊಳೆಯಬೇಡಿ, ಪೇಂಟ್ ಬಳಿಯಬೇಡಿ, ಜಾಗದಿಂದ ಕೀಳಲೂಬೇಡಿ. ಒಂದು ಫೋಟೊ ತೆಗೆದು, ಜಾಗ ಗುರುತು ಮಾಡಿಕೊಂಡು ನೃಪತುಂಗ ರಸ್ತೆಯ ಈ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿ.